ರೋಗಿಯ ಪಾತ್ರ

ಹೊಸ ಕಾನೂನಿನ ಪ್ರಕಾರ ಅಲರ್ಜಿಯ ತುರ್ತು ಇಂಜೆಕ್ಷನ್ ಪ್ರತಿ ಶಾಲೆಯಲ್ಲೂ ಕೈಗೆ ಸಿಗುವಂತಿರಬೇಕು. ಅದನ್ನು ಚುಚ್ಚುವುದು ಹೇಗೆಂದು ಟೀಚರುಗಳಿಗೆ ತೋರಿಸಲು ಬಂದ ಹೆಂಗಸು, ರೋಗಿಯ ಪಾತ್ರಕ್ಕೆ ಹೆಡ್‌ಮಾಸ್ಟರನ್ನೇ ಕರೆದಳು. ಎಲ್ಲರೂ ನಕ್ಕರು. ಅವರೂ ನಗುತ್ತಲೇ ನೆಲದ ಮೇಲೆ ಮಲಗಿದರು.

“ಕಡಲೆಬೀಜದ ಚಿಕ್ಕಿ ತಿಂದಿದೀರಿ, ಉಸಿರು ಕಟ್ತಾ ಇದೆ. ಇಂಜೆಕ್ಷನ್ ಎಲ್ಲಿದೆ?”

“ನನ್ನ ರೂಮಿನ ಬೀರುವಿನಲ್ಲಿ. ಬೀಗದ ಕೈ ಕ್ಲಾರ್ಕ್ ಹತ್ರ ಇದೆ.”

“ಅವರೆಲ್ಲಿ?”

“ಊಟಕ್ಕೆ ಮನೆಗೆ ಹೋಗಿದಾರೆ.”

“ಸರಿ, ಬರಲಿ. ಅಲ್ಲೀವರೆಗೂ ಏಳಬೇಡಿ.”

ನಗು ನಿಂತುಹೋಯಿತು. ಸಿಮೆಂಟು ನೆಲ ಬೆನ್ನಿಗೆ ಒತ್ತತೊಡಗಿತು. ಆಕೆ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಈ ಹೆಂಗಸಿಗೇನು ತಲೆ ಕೆಟ್ಟಿದೆಯೇ ಎಂದುಕೊಂಡರು ಹೆಡ್‌ಮಾಸ್ಟರು.

“ಇನ್ನೂ ಎಷ್ಟು ಹೊತ್ತು ಮೇಡಂ?”

“ನನ್ನ ಮಗಳಿಗೆ ಹೀಗೆ ಕೇಳೋಕೂ ಉಸಿರಿರಲಿಲ್ಲ ಸಾರ್. ಅವಳನ್ನೂ ಇಲ್ಲೇ ಮಲಗಿಸಿದ್ರಿ. ನಾನು ಕೊಟ್ಟಿದ್ದ ಇಂಜೆಕ್ಷನ್ ಅದೇ ಬೀರುವಿನಲ್ಲಿತ್ತು, ಆಗಲೂ ಕ್ಲಾರ್ಕ್ ಊಟಕ್ಕೆ ಹೋಗಿದ್ರು. ಅವಳನ್ನ ಎತ್ಕೊಂಡು ಹೋಗೋಕೆ ನಾನು ಬಂದಾಗ ನೀವು ರೂಮಿಂದ ಹೊರಗೇ ಬರಲಿಲ್ಲ. ಅದಕ್ಕೇ ನನ್ನ ಗುರುತು ಸಿಕ್ಕಿಲ್ಲ.”

ಅಷ್ಟರಲ್ಲಿ ಕ್ಲಾರ್ಕ್ ಬೀಗದ ಕೈ ಹಿಡಿದು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು.

ಆಕೆ ತನ್ನ ಬ್ಯಾಗಿನಿಂದ ಬಿಳಿ ಬಟ್ಟೆಯೊಂದನ್ನು ತೆಗೆದು, ಹೆಡ್‌ಮಾಸ್ಟರ ಮುಖ ಮುಚ್ಚಿದಳು.