ದೋಣಿ ಒಣಗಿಸುವವನು

“ಬಂದ ನೋಡ್ರಪಾ, ದೋಣಿ ಒಣಗಸಾಂವ,” ಎಂದ ಉಳವಪ್ಪ, ಹೊಳೆದಂಡೆಯಲ್ಲಿ ದೋಣಿ ನೀರಿಗಿಳಿಸುವ ಪೂಜೆಗೆ ನೆರೆದಿದ್ದ ಅಷ್ಟೂ ಮಂದಿಗೆ ಕೇಳುವಂತೆ. “ನೀರಾಗ ಇರೋ ದೋಣಿನ ಹದಿನೆಂಟ ದಿನಾ ಬಿಸಲಾಗ ಒಣಗಿಸಿದ ಶಾಣ್ಯಾ. ಇನ್ನೆರಡ ದಿನಾ ಬಿಟ್ಟಿದ್ರ ಹೊಳಿನೂ ಒಣಗಸ್ತಿದ್ದ. ಸಾಲ್ಯಾಗ ಎಂಟನೇತ್ತಾನೂ ಮುಗಿಸದಾಂವ ನನಗ ನೀರಂದ್ರ ಏನಂತ ಹೇಳಾಕ ಬಂದಾನ.”

ಮಂದಿ ನಕ್ಕರು. ಮುಂಡರಗಿ ಬಸ್ಸಿನಿಂದ ಆಗಷ್ಟೇ ಇಳಿದು ಬಂದಿದ್ದ ಅಬ್ರಾರ ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ನಿಂತ ಕಡೆಯೇ ನಿಂತ. ನಗು ಅವನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಅವನು ದೋಣಿ ನೋಡುತ್ತಿದ್ದ. ನಿನ್ನೆ ಮುಂಜಾನೆ ತಗ್ಗು ತಗ್ಗಾಗಿ, ಮೈಲಿ ಎದ್ದು ಹೋದ ಮುಖದಂತಿದ್ದ ಅದರ ಅಡಿ ಇವತ್ತು ನುಣ್ಣಗೆ, ನೀಲಿಯಾಗಿ ಮಿಂಚುತ್ತಿತ್ತು.

ಉಳವಪ್ಪ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ. ಹೊಳೆದಂಡೆಗೆ ಹೋಟೆಲು ಹಾಕಿ, ಬಂದವರನ್ನು ಕೂಡ್ರಿಸಿ ತಿರುಗಿಸಲೆಂದು ಗೋವಾದಿಂದ ಹಳೆಯ ಹಾಯಿದೋಣಿ ತರಿಸಿದ್ದ. ಲಕ್ಷ್ಮೇಶ್ವರದವನೇ ಆದ ಅಬ್ರಾರ ಆರು ವರ್ಷ ಗೋವಾದಲ್ಲಿ ದೋಣಿಗಳ ಅಡಿ ಕೆರೆದು ಬಣ್ಣ ಹಚ್ಚಿ ಕೆಲಸ ಕಲಿತವನು. ಇನ್ನು ಹೊಳ್ಳಿ ಹೋಗುವುದಿಲ್ಲ ಎಂದು ತಾಯಿ ಸುಗ್ರಾಬಿಗೆ ಮಾತು ಕೊಟ್ಟು ಬಂದಿದ್ದ. ಇದು ಅವನ ಸ್ವಂತ ಹೆಸರಿನ ಮೊದಲ ಕೆಲಸ. ಆಚೆ ದಂಡೆಯ ಮೀನಿನ ದೋಣಿಯವರು ಇದು ಹೇಗಾಗುತ್ತದೆಂದು ಕಾಯುತ್ತಿದ್ದರು.

ದೋಣಿಯ ಅಡಿಗೆಲ್ಲ ಬೊಕ್ಕೆ ಎದ್ದಿದ್ದವು. ಫೈಬರಿನೊಳಗೆ ನೀರು ಇಳಿದಿತ್ತು. ಅಬ್ರಾರ ಒಂದೊಂದನ್ನೂ ಒಡೆದು, ಉಜ್ಜಿ, ತೊಳೆದು, ಒಣಗಲು ಬಿಟ್ಟಿದ್ದ. ದಿನಾ ಸಂಜೆ ಒಂದು ತುಂಡು ಪ್ಲಾಸ್ಟಿಕ್ಕನ್ನು ಅಂಚಿಗೆಲ್ಲ ಟೇಪು ಹಾಕಿ ಅಂಟಿಸುವುದು, ಮುಂಜಾನೆ ನೋಡುವುದು. ಪ್ಲಾಸ್ಟಿಕ್ಕಿನ ಒಳಗೆ ಬೆವರಿನಂತೆ ಹನಿ ನಿಂತಿದ್ದರೆ ನೀರು ಇನ್ನೂ ಇದೆ ಎಂದರ್ಥ. ಅದರ ಮೇಲೆ ಬಣ್ಣ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ, ದೋಣಿ ಒಳಗಿಂದೊಳಗೇ ಕೊಳೆಯುತ್ತದೆ. ಹದಿನೆಂಟನೆಯ ದಿನ, ಅಂದರೆ ನಿನ್ನೆ, ಪ್ಲಾಸ್ಟಿಕ್ಕು ಖಡಕ್ಕಾಗಿ ಒಣಗಿತ್ತು. ಅಬ್ರಾರ ಓಡಿದ್ದ. ಗೋವಾದಿಂದ ಬಂದಿದ್ದ, ನೀರು ಒಳಗೆ ಬಿಡದ ಎಪಾಕ್ಸಿ ಅಂಟಿನ ಎರಡು ಡಬ್ಬಿ ಊರ ಮನೆಯಲ್ಲಿದ್ದವು. ಎರಡನ್ನೂ ಕೂಡಿಸಿ ನಾಲ್ಕು ಸಲ ಬಳಿದು, ಮೇಲೆ ಪಾಚಿ ಹಿಡಿಯದ ಕೆಂಪು ಬಣ್ಣ ಕೊಟ್ಟರೆ ಹತ್ತು ವರ್ಷ ಈ ಕಡೆ ತಿರುಗಿ ನೋಡುವಂತಿರಲಿಲ್ಲ.

“ಇದನ್ನ ಯಾರ ಮಾಡಿದ್ರು?” ಎಂದ ಅಬ್ರಾರ.

“ನಾನು,” ಎಂದ ಪುಂಡಲೀಕಪ್ಪ. ಉಳವಪ್ಪನ ಹೆಂಡತಿಯ ಅಣ್ಣ, ಬೆಟಗೇರಿಯಲ್ಲಿ ಮನೆಗಳಿಗೆ ಬಣ್ಣ ಹಚ್ಚುವವನು. “ನಿನ್ನಿ ಮಧ್ಯಾಹ್ನ ಕುಂತೆ, ಸಂಜಿಗೆ ಎದ್ದೆ. ನಿನ್ನಂಗ ಪ್ಲಾಸ್ಟಿಕ್ ಹಚ್ಚಿ ಆರೈಕಿ ಮಾಡ್ಲಿಲ್ಲ.”

“ತಗ್ಗಿನಾಗ ಏನ್ ತುಂಬಿದ್ರಿ ಕಾಕಾ?”

“ವಾಲ್ ಪುಟ್ಟಿ. ಮುನ್ನೂರ ಮನಿಗೆ ಹಚ್ಚೇನಿ. ಇಲ್ಲಿತನಾ ಒಂದ ಮನಿನೂ ಮುಳುಗಿಲ್ಲ.”

ಮತ್ತೆ ನಗು. ಅಬ್ರಾರನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹದಿನೆಂಟು ದಿನ ಕಾದು ನೀರು ತೆಗೆದ ತಗ್ಗಿಗೆ ಈ ಪುಣ್ಯಾತ್ಮ ನೀರು ಹಾಕಿ ಕಲಸಿದ ಪುಡಿ ತುಂಬಿದ್ದ. “ಮನಿ ಹೊಳ್ಯಾಗ ನಿಂದ್ರೂದಿಲ್ಲರಿ,” ಎಂದ, ಹಲ್ಲು ಕಚ್ಚಿ.

“ಸಿಟ್ಟ ಯಾಕಲೇ? ನಿನ್ನ ಹೆಸರೂ ಬರದೇನಿ ನೋಡು.”

ಬೋರ್ಡಿನ ಕೆಳಮೂಲೆಯಲ್ಲಿ ಬರೆಯುವಂತೆ ದೋಣಿಯ ಹಿಂಬದಿಗೆ, ಅಡಿಯ ಅಂಚಿನಲ್ಲಿ, ಬಿಳಿ ಅಕ್ಷರ: ಬಣ್ಣ – ಅಬ್ರಾರ, ಲಕ್ಷ್ಮೇಶ್ವರ. ಕೆಳಗೆ ಫೋನ್ ನಂಬರು.

“ಸಾವ್ಕಾರ್ರ, ದೋಣಿ ಬೇಕಾದ್ರ ಇಳಸ್ರಿ. ನನ್ನ ಹೆಸರ ಅಳಸ್ರಿ.”

“ಇರ್ಲಿ ಬಿಡಲೇ. ನೀರಾಗಿರೋ ಅಡಿ ಯಾರ್ ನೋಡ್ತಾರ? ಹೆಸರ ನೋಡಿ ನಾಕ ಮಂದಿ ಫೋನ್ ಮಾಡ್ತಾರ,” ಎಂದ ಉಳವಪ್ಪ.

“ಅದಕ್ಕ ಅಳಸ್ರಿ ಅನ್ನಾಕತ್ತೇನಿ.”

ಯಾರೂ ಅಲುಗಲಿಲ್ಲ. ಅಬ್ರಾರ ಡಬ್ಬಿ ಕೆಳಗಿಟ್ಟು, ಹೆಗಲ ಚೀಲದಿಂದ ಬಣ್ಣ ಕೆರೆಯುವ ಪಟ್ಟಿ ತೆಗೆದು ಒಂದೇ ಸಲ ಎಳೆದ. ಇನ್ನೂ ಹಸಿಯಿದ್ದ ಬಣ್ಣ ಹೆಸರಿನ ಸಮೇತ ಹಾಲಿನ ಕೆನೆಯಂತೆ ಸುರುಳಿಯಾಗಿ ಬಂತು. ಅದರ ಹಿಂದೆಯೇ ತಗ್ಗಿನೊಳಗಿನ ಬಿಳಿ ಹೆಂಟೆಯೊಂದು ಕಳಚಿ ಬಿತ್ತು. ಅವನು ಪಟ್ಟಿಯನ್ನು ಪ್ಯಾಂಟಿಗೆ ಒರೆಸಿ, ಡಬ್ಬಿ ಎತ್ತಿಕೊಂಡು ದಂಡೆ ಏರತೊಡಗಿದ.

ಹೆಂಟೆಯನ್ನು ಎತ್ತಿಕೊಂಡವಳು ಉಳವಪ್ಪನ ತಾಯಿ ಸುಮಿತ್ರವ್ವ. ದೋಣಿಯಲ್ಲಿ ಮೊದಲು ಕೂಡಬೇಕಾದವಳು ಅವಳೇ. ಬೆರಳಲ್ಲಿ ತಿಕ್ಕಿ ನೋಡಿದಳು. ಪೂಜೆಯ ತಂಬಿಗೆಯ ಹೊಳೆನೀರಿಗೆ ಹಾಕಿ ತಿರುವಿದಳು. ನೀರು ಮಜ್ಜಿಗೆಯಾಯಿತು. ಅವಳು ತಂಬಿಗೆಯನ್ನು ಮಗನ ಮುಂದೆ ಹಿಡಿದಳು.

“ಇದರಾಗ ನನ್ನ ಕುಂಡ್ರಸಾಂವ ಇದ್ದಿಯೇನು?”

ನಗುತ್ತಿದ್ದವರು ಕಾಲಬುಡದ ಮರಳು ನೋಡತೊಡಗಿದರು. ಪುಂಡಲೀಕಪ್ಪ ಎಲ್ಲರಿಗಿಂತ ಹೆಚ್ಚು ನೋಡಿದ. ಉಳವಪ್ಪ ತಂಬಿಗೆ ನೋಡಿದ, ದೋಣಿ ನೋಡಿದ, ದಂಡೆಯ ಮೇಲಕ್ಕೆ ನೋಡಿದ. ಮುಂಜಾನೆಯಿಂದ ಏರಿದ್ದ ದನಿ ಮೊದಲ ಸಲ ಇಳಿದಿತ್ತು.

“ಅಬ್ರಾರ, ಇದನ್ನೆಲ್ಲ ತಗದು ಹೊಳ್ಳಿ ಒಣಗಸಾಕ ಎಷ್ಟ ದಿನಾ ಬೇಕಪಾ?”

ಮಾತು ಕೇಳಿಸಿದರೂ ಅಬ್ರಾರ ಎರಡೂ ಡಬ್ಬಿ ಹಿಡಿದು, ಹಿಂದಿರುಗಿ ನೋಡದೆ, ಬಸ್ಸು ನಿಲ್ಲುವ ಕಡೆ ನಡೆದ.