ಮುಟ್ಟದ ಕಹ್ವಾ

ಅಲ್ ಖೌದಿನ ಬಾಡಿಗೆ ಆಫೀಸಿಗೆ ಬಂದು ಅರ್ಧ ಗಂಟೆಯಾದರೂ ಮೋಝಾ ಕಹ್ವಾ ಮುಟ್ಟಲಿಲ್ಲ. ಉಮಾವತಿ ಫೋನಿನಲ್ಲಿದ್ದಾಗ ಡ್ರೈವರ್ ಕುಂಞಮ್ಮದ್ ತಂದಿಟ್ಟ ಮೊದಲ ಕಪ್ಪು ಆರಿತು. ಎರಡನೆಯದೂ ಆರಿತು. ಅರಬರ ಈ ಹಾಲಿಲ್ಲದ ಕಹಿ ಕಾಫಿ ಅರಬರ ಹೆಂಗಸಿಗೇ ಹಿಡಿಸದೋ ಏನೋ ಎಂದು ಉಮಾವತಿ ತಾನೇ ಎದ್ದು ಹಾಲು, ಸಕ್ಕರೆ ಹಾಕಿ ಊರಿನ ಕಾಫಿ ಮಾಡಿ ತಂದಳು. ಅದರ ಮೇಲೂ ಕೆನೆ ಕಟ್ಟಿತು. ಕೊಟ್ಟದ್ದನ್ನು ಮುಟ್ಟದೆ ಕೂತರೆ ಕಾರ್ಕಳದಲ್ಲಿ ಹುಟ್ಟಿದವಳಿಗೆ ಹೇಗಾಗಬೇಡ! ಉಮಾವತಿಗೆ ಮೈಯೆಲ್ಲ ಉರಿಯಿತು.

"ಮನೆ ಕೇಳಿಕೊಂಡು ಬಂದವರಿಗೆ ಇಷ್ಟು ಬಿಂಕ ಬೇಕಾ?" ಎಂದು ಕುಂಞಮ್ಮದನಿಗೆ ತುಳುವಿನಲ್ಲಿ ಹೇಳಿ, "ಕುಡಿಯಿರಿ" ಎನ್ನಲು ಮೋಝಾಳ ಕಡೆ ತಿರುಗಿದಳು.

"ನಿಲ್ಲಿ ಉಮಕ್ಕ, ಬಾಯಿ ಬಿಡಬೇಡಿ!" ಕುಂಞಮ್ಮದ್ ಅಡ್ಡ ಬಂದ. "ಬಿಂಕ ಅಲ್ಲ ಅದು. ಇವರಲ್ಲಿ ದೊಡ್ಡ ಸಂಗತಿ ಕೇಳಲಿಕ್ಕೆ ಬಂದವರು ಕಹ್ವಾ ಮುಟ್ಟದೆ ಕೂರುವುದು. ನಾವು ಕುಡಿಯಿರಿ ಅಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಆಮೇಲೆ ಇಲ್ಲ ಅಂದರೆ ಮನೆಯ ಮರ್ಯಾದೆ ಹೋಯಿತು. ಗಂಡಸರು ಮಾಡುವುದು ಕಂಡಿದ್ದೇನೆ, ಹೆಂಗಸು ಮಾಡಿದ್ದು ಇದೇ ಮೊದಲು."

"ಹೇಳದಿದ್ದರೆ?"

"ಎದ್ದು ಹೋಗುತ್ತಾರೆ. ಜಗಳ ಇಲ್ಲ, ಎಂತ ಇಲ್ಲ."

ಎದ್ದು ಹೋಗುವುದೆಲ್ಲಿಗೆ? ಅಮೇರಾತಿನಲ್ಲಿದ್ದ ಮೋಝಾಳ ಮನೆಯನ್ನು ವಾದಿಯ, ಅಂದರೆ ಒಣ ಹಳ್ಳದ, ನೆರೆ ಎಳೆದುಕೊಂಡು ಹೋಗಿತ್ತು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ನಾದಿನಿಯ ಅಂಗಳದಲ್ಲಿ, ತಗಡಿನ ಚಪ್ಪರದಡಿ ದಿನ ದೂಡುತ್ತಿದ್ದಳು. ಒಂದು ವರ್ಷದ ಬಾಡಿಗೆ ತಾನು ಕಟ್ಟುತ್ತೇನೆಂದು ಸರಕಾರವೇನೋ ಕಾಗದ ಕೊಟ್ಟಿತ್ತು. ಆದರೆ ಮನೆ ಅವಳೇ ಹುಡುಕಬೇಕು, ಮಾಲೀಕ ಅದಕ್ಕೆ ಸಹಿ ಹಾಕಬೇಕು. ಏಳು ಮಾಲೀಕರು ಆಗುವುದಿಲ್ಲ ಎಂದಿದ್ದರು. ಕಾಗದದ ವಾಯಿದೆ ಇವತ್ತು, ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ ಮುಗಿಯುತ್ತದೆ. ಆಮೇಲೆ ಮತ್ತೆ ಅರ್ಜಿ, ಮತ್ತೆ ಸರದಿ, ತಗಡಿನಡಿ ಇಡೀ ಬೇಸಿಗೆ.

ಅಲ್ ಖೌದಿನ ಈ ಕಟ್ಟಡದಲ್ಲಿ ಆರು ಫ್ಲಾಟುಗಳು ಖಾಲಿ ಬಿದ್ದಿದ್ದವು. ಆದರೆ ಮಾಲೀಕ ಖಲ್ಫಾನ್ ಖಂಡತುಂಡ ಹೇಳಿಬಿಟ್ಟಿದ್ದರು: "ಸರಕಾರದ ಕಾಗದದವರು ಬೇಡ. ಬಾಡಿಗೆಗೋಸ್ಕರ ಕಚೇರಿ ಅಲೆಯಲು ನನಗೆ ಪುರುಸೊತ್ತಿಲ್ಲ." ಆರು ವರ್ಷದಿಂದ ಅವರ ಬಾಡಿಗೆ ಆಫೀಸು ನೋಡಿಕೊಳ್ಳುತ್ತಿದ್ದ ಉಮಾವತಿಗೆ ವೀಸಾ ಕೊಡಿಸಿದ ಕಫೀಲೂ ಅವರೇ. ಅವರು ಮುನಿದರೆ ವೀಸಾ ಇಲ್ಲ, ಬೊಂಬಾಯಿ ವಿಮಾನವೇ ಗತಿ.

ಮೋಝಾ ಕಹ್ವಾದ ಕಡೆ ನೋಡುತ್ತಿರಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದಳು. ಒಂದು ಗಂಟೆಗೆ ಐದು ನಿಮಿಷ ಬಾಕಿ. ಉಮಾವತಿ ಡ್ರಾಯರು ಎಳೆದು ನೋಡಿದಳು. ಆರು ಮನೆಗಳ ಬೀಗದ ಕೈ ತನ್ನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿರುವಾಗ ನಾಲ್ಕು ಮಕ್ಕಳ ತಾಯಿ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಬೇಕೆ? ಉಮಾವತಿ ತಣ್ಣಗಾದ ಮೂರು ಕಪ್ಪುಗಳನ್ನೂ ಆಚೆ ಸರಿಸಿದಳು. ಬಿಸಿ ಕಹ್ವಾ ಬಗ್ಗಿಸಿ, ಬಲಗೈಯಲ್ಲಿ ಮುಂದೆ ಹಿಡಿದು, ತನಗೆ ಬರುವಷ್ಟು ಅರಬ್ಬಿಯಲ್ಲಿ ಹೇಳಿದಳು:

"ಕುಡಿಯಮ್ಮ."

ಮೋಝಾ ಅವಳನ್ನೇ ನೋಡಿದಳು. ಒಂದೇ ಗುಟುಕಿಗೆ ಕುಡಿದು, ತಲೆವಸ್ತ್ರದ ಅಂಚಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟಳು.

"ಯಾ ಅಲ್ಲಾ! ನಿಮ್ಮ ನೌಕರಿ ಖಲಾಸ್, ಉಮಕ್ಕ," ಎಂದ ಕುಂಞಮ್ಮದ್.

ಉಮಾವತಿ ಫೋನು ಮಾಡಿದ ಹತ್ತು ನಿಮಿಷದಲ್ಲಿ ಖಲ್ಫಾನ್ ಒಳಗೆ ಬಂದರು. ಹೆಂಗಸನ್ನು ನೋಡಿದರು, ಕಾಗದ ನೋಡಿದರು, ಖಾಲಿ ಕಪ್ಪು ನೋಡಿ ಅಲ್ಲೇ ನಿಂತರು.

"ಕುಡಿ ಎಂದದ್ದು ಯಾರು?"

"ನಾನು," ಎಂದಳು ಉಮಾವತಿ.

ಖಲ್ಫಾನ್ ದನಿ ತಗ್ಗಿಸಿದರು. "ನೀನು ಹೊರದೇಶದವಳು. ಗೊತ್ತಿಲ್ಲದೆ ಹೇಳಿದೆ, ಅಲ್ಲವಾ? ಹೂಂ ಅನ್ನು ಸಾಕು. ಇವಳಿಗೆ ನಾನು ತಿಳಿಸಿ ಹೇಳುತ್ತೇನೆ, ಮಾತು ಲೆಕ್ಕಕ್ಕಿಲ್ಲ."

ಒಂದು ಹೂಂ ಅಂದರೆ ವೀಸಾ ಉಳಿಯುತ್ತದೆ. ಆದರೂ ಉಮಾವತಿಯ ನಾಲಿಗೆ ತಡವರಿಸಲಿಲ್ಲ.

"ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ನಿಮ್ಮ ಆಫೀಸು, ನಿಮ್ಮ ಕಹ್ವಾ. ಮಾತೂ ನಿಮ್ಮದೇ."

ಖಲ್ಫಾನರ ಮುಖ ಕೆಂಪಾಯಿತು. ಅವಳನ್ನು ಬಿಟ್ಟು ಮೋಝಾಳ ಕಡೆ ತಿರುಗಿದರು. "ಹೆಂಗಸರು ಹೀಗೆ ಕೂರುವುದನ್ನು ನಾನು ಕಂಡಿಲ್ಲ. ಯಾರು ಕಲಿಸಿದರು ನಿನಗೆ?"

"ಅಪ್ಪ," ಎಂದಳು ಮೋಝಾ. "ಅವನಿಗೆ ಗಂಡುಮಕ್ಕಳಿರಲಿಲ್ಲ."

ಖಲ್ಫಾನ್ ತುಸು ಹೊತ್ತು ಗಡ್ಡ ನೀವಿಕೊಂಡರು. ಮತ್ತೆ ಪೆನ್ನು ತೆಗೆದು ಕಾಗದಕ್ಕೆ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಒಂದೂ ಕಾಲು ಗಂಟೆ. "ಯಲ್ಲಾ, ಯಲ್ಲಾ!" ಎಂದು ಕುಂಞಮ್ಮದ್ ಎರಡರೊಳಗೆ ಕಾಗದವನ್ನು ಸರಕಾರದ ಕಚೇರಿಗೆ ಮುಟ್ಟಿಸಲು ಮೋಝಾಳನ್ನು ಕಾರಿಗೆ ಹತ್ತಿಸಿದ.

ಗುರುವಾರ, ಶುಕ್ರವಾರ ಇಲ್ಲಿ ವಾರದ ರಜೆ. ಉಮಾವತಿಯ ಮನೆಗೆ ಖಲ್ಫಾನರ ಫೋನು ಬರಲಿಲ್ಲ, ಬೈಗುಳವೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಎಂದಿನಂತೆ ಆಫೀಸಿನ ಬಾಗಿಲು ತೆಗೆಯಲು ಬಂದರೆ, ಮೆಟ್ಟಿಲ ಮೇಲೆ ನಾಲ್ಕು ಜನ ಹೆಂಗಸರು. ನಾಲ್ವರ ಕೈಯಲ್ಲೂ ಸರಕಾರದ ಕಾಗದ. ಒಳಗೆ ಬಂದು ಸಾಲಾಗಿ, ಬೆನ್ನು ನೆಟ್ಟಗೆ ಮಾಡಿ ಕೂತರು.

"ಹತ್ತು ಗಂಟೆಗೆ ಖಲ್ಫಾನ್ ಬರುತ್ತಾರೆ, ಉಮಕ್ಕ," ಎಂದ ಕುಂಞಮ್ಮದ್ ಮೆಲ್ಲಗೆ.

"ಗೊತ್ತುಂಟು," ಎಂದಳು ಉಮಾವತಿ. "ಕಹ್ವಾಕ್ಕೆ ನೀರಿಡಿ."