ಎರಡು ಸಾಲಿನ ಕ್ಷಮಾಪಣೆ

ಮಹಿಳೆಯರೂ ಜಿಲ್ಲಾಧ್ಯಕ್ಷರಾಗಬೇಕೆಂದು ಪಕ್ಷದ ಸಮಾವೇಶದಲ್ಲಿ ಹೇಳಿದ್ದಕ್ಕಾಗಿ, ಮೂವತ್ತೆರಡು ವರ್ಷಗಳ ಸದಸ್ಯ ವೀರಭದ್ರಯ್ಯನವರನ್ನು ಶಿಸ್ತು ಸಮಿತಿ ಕರೆಸಿತ್ತು.

"ಎರಡೇ ಸಾಲು ಬರ್ದುಕೊಟ್ಬಿಡಿ," ಎಂದರು ಸಂಚಾಲಕರು. "ಹೆಂಗಸರ ಜಾಗ ಮನೆ. ಸಮಾವೇಶದಲ್ಲಿ ಬೇರೆ ಥರ ಮಾತಾಡಿದ್ದು ನನ್ನ ತಪ್ಪು."

"ನಾನು ಹಾಗೆ ನಂಬೋದಿಲ್ವಲ್ಲ ಸ್ವಾಮಿ."

"ನಂಬಿ ಅಂದೋರ್ಯಾರು? ಬರೀರಿ ಅಂದೆ ಅಷ್ಟೆ. ಇಲ್ಲಾಂದ್ರೆ ಇವತ್ತೇ ಉಚ್ಚಾಟನೆ."

ವೀರಭದ್ರಯ್ಯ ಎರಡು ಬಾರಿ ಬಾಗಿಲವರೆಗೆ ಹೋಗಿ ಹಿಂದಿರುಗಿದರು. ಪಕ್ಷದ ಹೊರಗೆ ಅವರಿಗೆ ಒಬ್ಬ ಗೆಳೆಯನೂ ಇರಲಿಲ್ಲ. ಕೊನೆಗೆ ಹೇಳಿದಂತೆಯೇ ಬರೆದು ಸಹಿ ಹಾಕಿದರು. ಪಕ್ಕದಲ್ಲಿದ್ದ ಗುಮಾಸ್ತರು ಅದಕ್ಕೆ ಕಚೇರಿ ಮುದ್ರೆ ಒತ್ತಿದರು.

ಅಷ್ಟರಲ್ಲಿ ಸಂಚಾಲಕರ ಫೋನ್ ರಿಂಗಣಿಸಿತು. ಅವರು ಎದ್ದು ನಿಂತೇ ಮಾತು ಕೇಳಿ, ನಿಧಾನವಾಗಿ ಕುಳಿತರು.

"ರಾಜ್ಯ ಸಮಿತಿಯ ನಿಲುವು ಬದಲಾಗಿದೆಯಂತೆ. ನಮ್ಮ ಜಿಲ್ಲೆಗೆ ಹೆಣ್ಮಗಳೊಬ್ಬರನ್ನ ಅಧ್ಯಕ್ಷೆ ಮಾಡಿದ್ದಾರೆ."

ವೀರಭದ್ರಯ್ಯನವರ ಮುಖ ಅರಳಿತು. "ಹಾಗಾದ್ರೆ ನನ್ನ ಪತ್ರ ವಾಪಸ್ ಕೊಡಿ!"

"ಕಚೇರಿ ಮುದ್ರೆ ಬಿದ್ದಾಯ್ತು. ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

ಸಂಚಾಲಕರು ಗುಮಾಸ್ತರತ್ತ ತಿರುಗಿದರು.

"ಹೊಸ ನೋಟಿಸ್ ಬರ್ಕೊಳ್ರಿ. ಮಹಿಳೆಯರನ್ನು ಅವಮಾನಿಸಿ ಲಿಖಿತ ಹೇಳಿಕೆ ನೀಡಿದ ವೀರಭದ್ರಯ್ಯನವರನ್ನು ಪಕ್ಷದಿಂದ ಏಕೆ ಉಚ್ಚಾಟಿಸಬಾರದು?"